ಸಮುದ್ರಕ್ಕೆ ತಲುಪದ ಸುತ್ತೋಲೆ

ಮಾನ್ಯ ಕುಲಪತಿಗಳೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ನಮ್ಮ ಪ್ರಾಣಿಶಾಸ್ತ್ರ ವಿಭಾಗದ ಪ್ರಾಧ್ಯಾಪಕಿಯೊಬ್ಬರಿಗೆ ತಮ್ಮ ಕಚೇರಿ ನೋಟಿಸು ಕೊಟ್ಟಿದೆ. ನಾಲ್ಕು ಸೆಮಿಸ್ಟರುಗಳಿಂದ ನಡೆಯದ ಪಾಠವೊಂದನ್ನು ನಡೆದಿದೆಯೆಂದು ಅವರು ಸುಳ್ಳು ನಮೂದು ಮಾಡಿದ್ದಾರೆ, ಆದ್ದರಿಂದ ಅವರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಅದರಲ್ಲಿ ಕೇಳಲಾಗಿದೆ. ಬರುವ ಗುರುವಾರ ಹನ್ನೊಂದೂವರೆಗೆ ವಿಚಾರಣೆ. ಆ ಸುಳ್ಳು ನಮೂದು ಮಾಡಿದವಳು ನಾನು. ಅವರಲ್ಲ, ನಾನು. ಇದೇ ಮಾತನ್ನು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಹಾಕಿ, ತಮ್ಮ ಕಚೇರಿಯ ಮೂರು ಮೇಜುಗಳ ಮೇಲೆ ಇಟ್ಟು ಬಂದೆ. ಮೂರೂ ವಾಪಸ್ಸು ಬಂದವು. ಒಂದರ ಮೇಲೆ "ಸೂಕ್ತ ನಮೂನೆಯಲ್ಲಿ ಸಲ್ಲಿಸಿ" ಎಂಬ ಷರಾ ಇತ್ತು. ತಪ್ಪೊಪ್ಪಿಗೆಗೆ ನಮ್ಮಲ್ಲಿ ನಮೂನೆಯೇ ಇಲ್ಲ, ವಿಚಾರಿಸಿದೆ. ಕೊನೆಗೆ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆದರೆ ಐದನೆಯವರಾಗಿಯಾದರೂ ತಾವು ಓದಬಹುದೆಂಬ ಆಸೆಯಿಂದ ಇಲ್ಲಿಗೆ ಬಂದಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿರಲಾರದು. ವೇಳಾಪಟ್ಟಿ ವಿಭಾಗದ ಹಿರಿಯ ಸಹಾಯಕಿ ನಾನು. ವಿಭಾಗ ಅಂದರೆ ಒಂದು ಮೇಜು, ಒಂದು ಗೋಡೆ, ಮತ್ತು ನಾನು. ಯಾವ ಪಾಠ ಯಾವ ಹೊತ್ತಿಗೆ ಯಾವ ಕೊಠಡಿಯಲ್ಲಿ ನಡೆಯಬೇಕೆಂದು ಮೂವತ್ತೊಂದು ವರ್ಷ ಆ ಗೋಡೆಯ ಮೇಲೆ ಬರೆದಿದ್ದೇನೆ. ಅಧ್ಯಾಪಕರೆಲ್ಲ ನನ್ನನ್ನು ಗಂಟೆಯಮ್ಮ ಅನ್ನುತ್ತಾರೆ. ನನ್ನ ಯಜಮಾನರು ದರ್ಜಿ, ಮನೆಯ ಮುಂಭಾಗದಲ್ಲೇ ಅವರ ಅಂಗಡಿ. ಹಸಿವಾದಾಗ ಹೊಲಿಗೆ ಯಂತ್ರದ ಹಿಂದಿನಿಂದ, "ಏನಮ್ಮಾ, ಇವತ್ತು ಊಟ ಎಷ್ಟನೇ ಪೀರಿಯಡ್ಡು?" ಎಂದು ಕೂಗುತ್ತಾರೆ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿದೆ. ಈ ಪತ್ರ ಅಚ್ಚಾದ ಮೇಲೂ ಹನ್ನೊಂದು ತಿಂಗಳೇ ಇರುತ್ತದೋ ಇಲ್ಲವೋ ತಮ್ಮ ಚಿತ್ತ.

ಈ ಕೆಲಸ ಕಲಿಸಿದವರು ನನ್ನ ಹಿಂದಿನವರು. ಸದಾ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವರನ್ನು ಜವಾನನಿಂದ ಹಿಡಿದು ಡೀನ್‌ವರೆಗೆ ಎಲ್ಲರೂ ಪೆನ್ಸಿಲ್ ಮಾಮ ಅನ್ನುತ್ತಿದ್ದರು. ವೇಳಾಪಟ್ಟಿಯ ಮೇಲೆ ಅವರು ಒಮ್ಮೆಯೂ ಪೆನ್ನು ಇಟ್ಟವರಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕೈಗೆ ಪೆನ್ಸಿಲ್ಲನ್ನೂ ಕೊಡಲಿಲ್ಲ. "ಹೋಗಿ ಕೂತ್ಕೊಂಡು ಬಾ" ಅಂದರು. ಎಲ್ಲಿ ಅಂದೆ. "ಎಲ್ಲಾ ಕಡೆ. ಒಂದೊಂದು ಪಾಠದಲ್ಲಿ ಒಂದೊಂದು ಗಂಟೆ. ಮೇಷ್ಟ್ರುಗಳಿಗೆ ಏನು ಬೇಕು ಅಂತ ಮಾತ್ರ ಕೇಳ್ಬೇಡ, ಅವರೆಲ್ಲಾ ಹತ್ತೂವರೆ ಗಂಟೇನೇ ಕೇಳ್ತಾರೆ. ಪಾಠಕ್ಕೆ ಏನು ಬೇಕು ಅಂತ ನೋಡ್ಕೊಂಡು ಬಾ." ಹೀಗೆ ಶುರುವಾದದ್ದು ನಮ್ಮ ಕೂರುವ ವಾರ. ಪ್ರತಿ ವರ್ಷ ತರಗತಿಗಳು ಆರಂಭವಾದ ಮೊದಲ ವಾರ ಗೋಡೆಗೆ ಬೀಗ ಹಾಕಿ, ಹಿಂದಿನ ಬೆಂಚುಗಳಲ್ಲಿ ಕೂತು ಬರುತ್ತಿದ್ದೆ. ಯಾವ ನಿಯಮದಲ್ಲೂ ಇಲ್ಲದ ಈ ಪದ್ಧತಿಗೆ ಯಾರೂ ಅಡ್ಡಿ ಮಾಡಲಿಲ್ಲ. ಗಮನಿಸಿದ್ದರೆ ತಾನೇ ಅಡ್ಡಿ ಮಾಡುವುದು?

ಅಲ್ಲಿ ಕೂತು ನಾನು ಏನು ನೋಡಿದೆ ಅಂತ ತಮಗೆ ಹೇಗೆ ಹೇಳಲಿ? ರೇಖಾಗಣಿತದ ಮೇಷ್ಟ್ರೊಬ್ಬರು ಎಡ ಗೋಡೆಯಿಂದ ಬಲ ಗೋಡೆಯವರೆಗೆ ನಡೆಯುತ್ತಾ ಒಂದೇ ಪ್ರಮೇಯದ ಸಾಧನೆಯನ್ನು ಬರೆಯುತ್ತಿದ್ದರು. ಹಲಗೆ ಗಿಡ್ಡವಾದರೆ ಅವರ ತರ್ಕವೂ ಗಿಡ್ಡವಾಗುತ್ತಿತ್ತು, ಮೊದಲ ಸಾಲನ್ನು ಅಳಿಸಿದೊಡನೆ ಹುಡುಗರು ದಿಕ್ಕು ತಪ್ಪುತ್ತಿದ್ದರು. ಅವರಿಗೆ ಬೇಕಾದದ್ದು ಹೊತ್ತಲ್ಲ, ಉದ್ದ. ಸಂಜ್ಞಾ ಭಾಷೆಯ ತರಗತಿಯಲ್ಲಿ ಯಾರೂ ಯಾರ ಬೆನ್ನ ಹಿಂದೆಯೂ ಕೂರುವ ಹಾಗಿಲ್ಲ, ಎಲ್ಲರ ಮುಖಕ್ಕೂ ಕೈಗೂ ಬೆಳಕು ಬೀಳಬೇಕು. ಹಾಗಾಗಿ ದುಂಡಗೆ ಕೂರಬಹುದಾದ ಪೂರ್ವ ಕಿಟಕಿಯ ಕೊಠಡಿ ಹುಡುಕಿಕೊಟ್ಟೆ. ಯಾರೂ ಮಾತಾಡದ ಹಳೆಯ ಭಾಷೆಯೊಂದನ್ನು ಕಲಿಸುವ ಮೇಷ್ಟ್ರ ಬಳಿ ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ, ಒಂದೇ ಪುಸ್ತಕ. ಪುಸ್ತಕ ಅವರ ಕಡೆಗೆ ತಿರುಗಿರುತ್ತಿತ್ತು. ಎದುರು ಕೂತ ಆಕೆ ಆ ಲಿಪಿಯನ್ನು ತಲೆಕೆಳಗಾಗಿಯೇ ಓದಲು ಕಲಿತಳು. ಮೂರನೆಯ ವರ್ಷ ಎರಡನೆಯ ಪ್ರತಿ ಸಿಕ್ಕಾಗ ಅದನ್ನು ನೆಟ್ಟಗೆ ಹಿಡಿದು ಓದಲು ಬಾರದೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಈಗ ಆ ಲಿಪಿಯ ಶಾಸನ ಎಲ್ಲೇ ಸಿಕ್ಕರೂ ಆಕೆಗೇ ಕರೆ ಬರುತ್ತದೆ.

ನಾನೂ ತಪ್ಪು ಮಾಡಿದ್ದೇನೆ. ಎರಡನೆಯ ವರ್ಷ ಉಚ್ಚಾರಣಾಶಾಸ್ತ್ರದ ತರಗತಿಯ ನೆತ್ತಿಯ ಮೇಲಿನ ಕೊಠಡಿಯನ್ನು ನೃತ್ಯದವರಿಗೆ ಕೊಟ್ಟುಬಿಟ್ಟೆ. ಆ ಮೇಷ್ಟ್ರು ತಿಂಗಳು ಕಾದು ನನ್ನ ಮೇಜಿನ ಮುಂದೆ ನಿಂತರು. "ಅಮ್ಮಾ, ನನ್ನ ಹುಡುಗರು ಪ್ರತಿ ಸ್ವರದ ಮುಂದೆ ಒಂದು ಧಡ್ ಅಂತಾನೂ ಬರ್ಕೋತಿದ್ದಾರೆ. ಅದು ಯಾವ ಭಾಷೆದು ಅಂತ ಸ್ವಲ್ಪ ಹೇಳ್ತೀರಾ?" ನಾಚಿಕೆಯಿಂದ ಕುಗ್ಗಿಹೋದೆ. ಮರುದಿನವೇ ಪೆನ್ಸಿಲ್ ಗುರುತು ಅಳಿಸಿ ಸರಿಮಾಡಿದೆ. ಅಳಿಸಬಹುದಾಗಿತ್ತು ಅನ್ನುವುದನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ತಮ್ಮ ಸುತ್ತೋಲೆ ಬಂತು. ಅದರ ಹೆಸರು "ಏಕರೂಪ ಬೋಧನಾ ವ್ಯವಸ್ಥೆ". ಎಲ್ಲ ಪಾಠಗಳೂ ಐವತ್ತೈದು ನಿಮಿಷ. ಎಲ್ಲವೂ ಸೋಮವಾರದಿಂದ ಶುಕ್ರವಾರ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರೊಳಗೆ, ಕನಿಷ್ಠ ನಲವತ್ತು ಆಸನಗಳ ಕೊಠಡಿಯಲ್ಲಿ. ಹೊಸ ಕಂಪ್ಯೂಟರ್ ವ್ಯವಸ್ಥೆ ಒಪ್ಪಿಕೊಳ್ಳದ ಯಾವುದನ್ನೂ "ಬೋಧನೆಯೆಂದು ಪರಿಗಣಿಸತಕ್ಕದ್ದಲ್ಲ". ಎಷ್ಟು ಸೊಗಸಾದ ವಾಕ್ಯ! ಕಲಿಸುವುದು ಅಂದರೆ ಏನೆಂದು ಇಷ್ಟು ಕಾಲ ತಲೆ ಕೆಡಿಸಿಕೊಂಡವರ ಶ್ರಮವನ್ನೆಲ್ಲ ತಾವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. "ಬೋಧನಾ ವಿಧಾನ" ಎಂಬ ಅಂಕಣದಲ್ಲಿ ಆಯ್ಕೆಗೆ ಮೂರೇ ಇದ್ದವು: ಉಪನ್ಯಾಸ, ಪರದೆಯೊಂದಿಗೆ ಉಪನ್ಯಾಸ, ಪ್ರಯೋಗಾಲಯ. ಒಂದು ಪುಸ್ತಕದ ಎರಡು ಬದಿಯಲ್ಲಿ ಕೂತ ಇಬ್ಬರನ್ನು ನಾನು ಉಪನ್ಯಾಸಕ್ಕೆ ಸೇರಿಸಿದೆ, ಮೂವತ್ತೆಂಟು ಖಾಲಿ ಕುರ್ಚಿಗಳ ಸಮೇತ. ಸಂಜ್ಞಾ ಭಾಷೆಯವರು ನೆಲಕ್ಕೆ ಬಿಗಿದ ಬೆಂಚುಗಳ ಸಭಾಂಗಣಕ್ಕೆ ಹೋದರು. ಈಗಲೂ ಅವರು ಪಾಠದ ಹೊತ್ತಿಗೆ ಬೆಂಚಿನ ಮೇಲೆ ತಿರುಗಿ ಮಂಡಿಯೂರಿ ಕೂರುತ್ತಾರೆ. ರೇಖಾಗಣಿತದವರಿಗೆ ಪರದೆ ಸಿಕ್ಕಿತು. ಆ ಮೇಷ್ಟ್ರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಹೊಂದಿಕೊಳ್ಳಬಲ್ಲವರು ಹೊಂದಿಕೊಂಡರು, ನಾನೂ ಹಲ್ಲು ಕಚ್ಚಿ ಹೊಂದಿಸಿದೆ. ವಿಶ್ವವಿದ್ಯಾಲಯದಲ್ಲಿ ಬಗೆಬಗೆಯ ಪಾಠಗಳಿವೆಯೆಂದು ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ಇವೆ ಸ್ವಾಮೀ. ಹೆಸರುಗಳು ಬಗೆಬಗೆಯಾಗಿಯೇ ಇವೆ.

ಹೊಂದದೇ ಉಳಿದದ್ದು ಒಂದೇ ಪಾಠ. ಅದು ಏಡಿ ಮೇಡಂ ಅವರ ಕೆಸರಿನ ಪಾಠ. ನೋಟಿಸು ಹೋಗಿರುವುದು ಇವರಿಗೇ.

ಇಪ್ಪತ್ತೆರಡು ವರ್ಷಗಳ ಹಿಂದೆ, ಅವರು ಹೊಸದಾಗಿ ಬಂದಾಗ, ಕೂರುವ ವಾರದಲ್ಲಿ ನಾನು ಆ ಪಾಠಕ್ಕೆ ಹೋದೆ. ಕೂರಲು ಜಾಗವೇ ಇರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸಮುದ್ರ ತುಂಬ ಹಿಂದಕ್ಕೆ ಸರಿಯುತ್ತದೆ. ಆಗ ಬಯಲಾಗುವ ಕೆಸರೇ ಅವರ ತರಗತಿ. ಹಳೆಯ ಕಬ್ಬಿಣದ ಕಂಬವೊಂದರಿಂದ ಅರವತ್ತು ಹೆಜ್ಜೆ ನೀರಿನ ಕಡೆಗೆ ನಡೆದು, ಒಂದು ಮೊಳದ ಮರದ ಚೌಕಟ್ಟನ್ನು ನೆಲಕ್ಕಿಟ್ಟು, ಅದರೊಳಗೆ ಎಷ್ಟು ಹುಳುಗಳ ಬಿಲ, ಎಷ್ಟು ಚಿಪ್ಪು, ಎಷ್ಟು ಏಡಿಯ ತೂತು ಅಂತ ಎಣಿಸುವುದು. "ಮೊದಲು ಎಣಿಸಿ. ಹೆಸರು ಆಮೇಲೆ ಹೇಳ್ತೀನಿ. ಹೆಸರು ಗೊತ್ತಾದ್ರೆ ನೋಡೋದು ನಿಲ್ಲಿಸ್ತೀರಿ" ಅಂದರು. ಎಲ್ಲರೂ ಹಲಗೆ ತುಂಡುಗಳ ಮೇಲೆ ಮಂಡಿಯೂರಿದರು. ನನ್ನ ಒಂದು ಚಪ್ಪಲಿ ಕೆಸರಿನಲ್ಲಿ ಹೋಯಿತು, ಇವತ್ತಿಗೂ ಸಿಕ್ಕಿಲ್ಲ.

ನನಗೂ ಒಂದು ಕೆಲಸ ಕೊಟ್ಟರು. ಎಲ್ಲರೂ ತಲೆ ಬಗ್ಗಿಸಿ ಎಣಿಸುತ್ತಿರುವಾಗ ಒಬ್ಬರು ಮಾತ್ರ ಏನನ್ನೂ ಎಣಿಸದೆ ಸಮುದ್ರದ ಕಡೆ ಮುಖ ಮಾಡಿ ನಿಂತಿರಬೇಕು. ನೀರು ತಿರುಗಿತು ಅಂತ ಕಂಡೊಡನೆ ಕೂಗಬೇಕು. ಅವರನ್ನು "ನೀರು ನೋಡೋರು" ಅನ್ನುತ್ತಾರೆ. ಸರದಿಯ ಪ್ರಕಾರ ಎಲ್ಲ ವಿದ್ಯಾರ್ಥಿಗಳೂ ಅದನ್ನು ಮಾಡಬೇಕು, ಅದಕ್ಕೂ ಅಂಕವಿದೆ. ಒಬ್ಬ ಹುಡುಗ ಗೊಣಗಿದ: "ಇದ್ರಲ್ಲಿ ಕಲಿಯೋದೇನಿದೆ ಮೇಡಂ?" ಮೇಡಂ ತಲೆ ಎತ್ತಲಿಲ್ಲ. "ಉಳಿದೋರು ನಿಶ್ಚಿಂತೆಯಿಂದ ಕಲಿಯೋ ಹಾಗೆ ನಿಂತ್ಕೊಳ್ಳೋದು ಹೇಗೆ ಅಂತ ಕಲಿಯೋದಿದೆ." ಅವತ್ತು ಒಂದೂವರೆ ಗಂಟೆ ನಾನು ನೀರು ನೋಡಿದೆ. ಆಡಳಿತ ಅಂದರೆ ಇದೇ ಇರಬೇಕು ಅಂತ ನನ್ನ ದಡ್ಡ ತಲೆಗೆ ಅನ್ನಿಸಿತು. ತಪ್ಪಿದ್ದರೆ ತಿದ್ದಿ.

ಆ ಎಣಿಕೆ ಇಪ್ಪತ್ತೆರಡು ವರ್ಷಗಳಿಂದ ಒಂದು ಸಲವೂ ತಪ್ಪಿಲ್ಲ. ಅದು ಪಾಠವೋ ಸಂಶೋಧನೆಯೋ ಅಂತ ತಮ್ಮ ವ್ಯವಸ್ಥೆ ಕೇಳಿತು, ಎರಡಕ್ಕೂ ಗುರುತು ಹಾಕಲು ಬಿಡಲಿಲ್ಲ. ಪ್ರತಿ ತಂಡವೂ ಪಾಠವೆಂದು ಎಣಿಸಿದ್ದು ಸೇರಿ ಸೇರಿ ಸಂಶೋಧನೆಯಾಗಿದೆ. ಹನ್ನೆರಡನೆಯ ವರ್ಷ ಒಂದು ಜಾತಿಯ ಹುಳುವಿನ ಬಿಲಗಳು ಕಡಿಮೆಯಾಗತೊಡಗಿದವು. ಅದಾಗಿ ಮೂರು ವರ್ಷಕ್ಕೆ ಬಲೆಗೆ ಮೀನು ಬೀಳುತ್ತಿಲ್ಲವೆಂದು ಮೀನುಗಾರರು ಬಾಯಿ ಬಡಿದುಕೊಂಡರು. ಕಾರಣ ಹುಡುಕಲು ಬಂದವರೆಲ್ಲ ಕೈಚೆಲ್ಲಿದಾಗ ಕೆಲಸಕ್ಕೆ ಬಂದದ್ದು ಈ ಎಣಿಕೆಯ ಹಾಳೆಗಳು. ಯಾವ ತಿಂಗಳು, ಕಂಬದ ಯಾವ ಬದಿಯಿಂದ ಶುರುವಾಯಿತೆಂದು ನೋಡಿ, ಆ ಬದಿಯ ಕಾಲುವೆಗೆ ಬಣ್ಣದ ನೀರು ಬಿಡುತ್ತಿದ್ದವರನ್ನು ಹಿಡಿದರು. ಇದನ್ನು ಮಾಡಿದ್ದು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು, ಅಂಕಕ್ಕಾಗಿ, ಗೊಣಗಿಕೊಂಡು. ಒಂದು ಸಲ ನಿಂತರೆ ಈ ಎಣಿಕೆಯನ್ನು ಮತ್ತೆ ಜೋಡಿಸಲು ಬರುವುದಿಲ್ಲ. ನೋಡದೆ ಬಿಟ್ಟ ದಿನವನ್ನು ಆಮೇಲೆ ಹೋಗಿ ನೋಡಲಾಗುವುದಿಲ್ಲ.

ಈ ಪಾಠದ ತೊಂದರೆ ಏನೆಂದರೆ, ಸಮುದ್ರದ ಇಳಿತ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನನ್ನ ಗೋಡೆಯ ಮೇಲೆ ಅದಕ್ಕೆಂದೇ ಒಂದು ಖಾಲಿ ಚೌಕ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ಹೊಸ ವ್ಯವಸ್ಥೆ ಕೂರಿಸಲು ಬಂದ ತರಬೇತಿದಾರರಿಗೆ ಇದನ್ನು ಹೇಳಿದೆ.

"ಸಾರ್, ಈ ಪಾಠ ದಿನಾ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ."

"ಯಾಕೆ ಹೋಗುತ್ತೆ?"

"ಸಮುದ್ರ ಹೋಗುತ್ತೆ, ಅದಕ್ಕೆ."

"ಒಂದು ಟೈಮ್ ಫಿಕ್ಸ್ ಮಾಡ್ಕೊಳ್ಳಿ ಅಂತ ಹೇಳಿ ಅವರಿಗೆ."

"ಮೇಡಂಗೆ ಹೇಳ್ತೀನಿ. ಸಮುದ್ರಕ್ಕೆ ಯಾರು ಹೇಳ್ತಾರೆ?"

ಅವರು ಒಂದು ನಿಮಿಷ ಯೋಚಿಸಿದರು. ಕೆಟ್ಟ ಮನುಷ್ಯರೇನಲ್ಲ. "ಹಂಗಾದ್ರೆ ಇದು ಪಾಠ ಅಲ್ಲ ಬಿಡಿ. ಪ್ರವಾಸ" ಅಂದರು. ಪ್ರವಾಸಕ್ಕೆ ವರ್ಷಕ್ಕೊಮ್ಮೆ ಮಾತ್ರ ಅವಕಾಶ. ತಮ್ಮ ಸುತ್ತೋಲೆ ಸಮುದ್ರಕ್ಕೆ ತಲುಪಿಲ್ಲವೆಂದು ಕಾಣುತ್ತದೆ, ಅದು ಇವತ್ತಿಗೂ ಹಳೆಯ ಪದ್ಧತಿಯಲ್ಲೇ ಬಂದು ಹೋಗುತ್ತಿದೆ.

ನಮೂದು ಮುಗಿಸಲು ಅದೇ ಸಂಜೆ ಕಡೆಯ ಗಡುವು. ನಮೂದಾಗದ ಪಾಠ ತಾನಾಗಿಯೇ ರದ್ದು. ಏಡಿ ಮೇಡಂ ಫೋನು ಮಾಡಿ, "ಏನಾಯ್ತು ಗಂಟೆಯಮ್ಮಾ, ನಮ್ಮ ಕೆಸರು ಒಳಗೆ ಹೋಯ್ತಾ?" ಅಂದರು. "ನಾನು ನೋಡ್ಕೋತೀನಿ ಬಿಡಿ ಮೇಡಂ" ಅಂದೆ. ಮೂವತ್ತೊಂದು ವರ್ಷ ಎಲ್ಲರಿಗೂ ಇದನ್ನೇ ಹೇಳಿದ್ದೇನೆ. ನಮಗೆ ಗುಮಾಸ್ತರಿಗೆ ಆ ವ್ಯವಸ್ಥೆಯೊಳಗೆ ಹೆಸರಿಲ್ಲ. ಆಯಾ ಅಧ್ಯಾಪಕರ ಹೆಸರಿನಲ್ಲೇ ಒಳಹೊಕ್ಕು ಕೆಲಸ ಮಾಡಬೇಕೆಂದು ಹೇಳಿಕೊಟ್ಟಿದ್ದರು. ಹಾಗೇ ಹೊಕ್ಕೆ. ವಾರ: ಸೋಮವಾರ. ಸಮಯ: ಒಂಬತ್ತು. ಆಸನ: ನಲವತ್ತು. ಕೊಠಡಿ ಎಂಬಲ್ಲಿ ಕೈ ತಡೆಯಿತು. ಯಾರ ಪಾಠಕ್ಕೂ ಅಡ್ಡ ಬರದ, ಯಾರೂ ಕೇಳದ ಕೊಠಡಿ ಬೇಕಿತ್ತು. ಹಳೆಯ ವಿಜ್ಞಾನ ಕಟ್ಟಡದ ನೆಲಮಾಳಿಗೆಯ 017 ನೆನಪಾಯಿತು. ಕೆಸರಿನ ಪಾಠದ ಬೂಟು, ಬಕೆಟ್ಟು, ಹಲಗೆಗಳನ್ನು ಇಡುವ ಕೋಣೆ ಅದು. ಅದನ್ನೇ ಹಾಕಿದೆ. ತಕ್ಷಣ ಹಸಿರು ಗುರುತು ಬಂತು. ಇಪ್ಪತ್ತು ವರ್ಷ ನಿಜವಾಗಿ ನಡೆದ ಪಾಠವನ್ನು ಒಪ್ಪದ ವ್ಯವಸ್ಥೆ, ನಡೆಯದ ಪಾಠವನ್ನು ಒಂದು ಕ್ಷಣದಲ್ಲಿ ಒಪ್ಪಿಕೊಂಡಿತು. ಆಮೇಲೆ ಅಳಿಸೋಣವೆಂದು ಹೋದರೆ ಅಳಿಸುವ ಗುಂಡಿಯೇ ಇಲ್ಲ. ಆಗಲೇ ನಾನು ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ಪಾಠ ಉಳಿಯಿತಲ್ಲ ಅಂತ ಒಳಗೊಳಗೇ ಬೀಗಿದೆ. ಅದು ನನ್ನ ನಿಜವಾದ ತಪ್ಪು.

ಕಳೆದ ತಿಂಗಳು ತಪಾಸಣಾ ಸಮಿತಿಯ ಮೂವರು ಸದಸ್ಯರು ಸಾಲಾಗಿ ನಾಲ್ಕು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ 017ರ ಮುಂದೆ ನಿಂತರು. ಬಾಗಿಲಿಗೆ ಬೀಗ. ನಾಲ್ಕನೆಯ ಸಲ ಕಾವಲುಗಾರರಿಂದ ತೆಗೆಸಿದರು. ಅವರ ವರದಿಯ ಪ್ರತಿ ನನ್ನ ಮುಂದಿದೆ: "ಕೊಠಡಿಯಲ್ಲಿ ಆಸನಗಳಿಲ್ಲ. ಕಪ್ಪು ಹಲಗೆಯಿಲ್ಲ. ಒಂಬತ್ತು ಜೊತೆ ಒದ್ದೆ ರಬ್ಬರ್ ಬೂಟುಗಳು, ಕೆಸರು ಮೆತ್ತಿದ ಹಲಗೆಗಳು, ದುರ್ವಾಸನೆ. ಬೋಧನೆ ನಡೆದ ಯಾವುದೇ ಕುರುಹು ಕಂಡುಬಂದಿಲ್ಲ." ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾನ್ಯರೇ, ಬೂಟುಗಳು ಒಂಬತ್ತು ಜೊತೆ, ವಿದ್ಯಾರ್ಥಿಗಳು ಒಂಬತ್ತು ಜನ. ಅವು ಯಾಕೆ ಒದ್ದೆಯಾಗಿದ್ದವು ಎಂದು ಮೂವರಲ್ಲಿ ಒಬ್ಬರಿಗೂ ಕೇಳಬೇಕು ಅನ್ನಿಸಲಿಲ್ಲವೇ? ಶನಿವಾರದ ಇಳಿತದಲ್ಲಿ ಎರಡೂವರೆ ಗಂಟೆ ಕೆಸರಿನಲ್ಲಿ ಕಳೆದು ಬಂದ ಬೂಟುಗಳವು. ಉಳಿದ ಎಷ್ಟೋ ಕೊಠಡಿಗಳಲ್ಲಿ ಆಸನಗಳಿವೆ, ಪರದೆಗಳಿವೆ, ನಿದ್ದೆಯೂ ಇದೆ. ಪಾಠ ನಡೆದದ್ದಕ್ಕೆ ಕೈಯಿಂದ ಮುಟ್ಟಿ ನೋಡಬಹುದಾದ ಸಾಕ್ಷಿ ಇದ್ದದ್ದು ಬಹುಶಃ ಅದೊಂದೇ ಕೋಣೆಯಲ್ಲಿ. ಅವರು ಮೂಗು ಮುಚ್ಚಿಕೊಂಡು ಹೊರಗೆ ಬಂದರು.

ನೋಟಿಸು ಬಂದ ದಿನ ನಾನು 017ಕ್ಕೆ ಓಡಿದೆ. ಮೇಡಂ ಬಕೆಟ್ಟು ತೊಳೆಯುತ್ತಿದ್ದರು. ಎಲ್ಲ ಹೇಳಿದೆ. ಅವರು ಕೋಣೆಯ ಸುತ್ತ ಕಣ್ಣಾಡಿಸಿ, "ನಲವತ್ತು ಆಸನ ಅಂತ ಬರೆದ್ರಾ? ಇಲ್ಲಿ ನಲವತ್ತು ಏಡಿ ಕೂರೋಕೂ ಜಾಗ ಇಲ್ವಲ್ರೀ" ಅಂದರು.

"ನಗ್ಬೇಡಿ ಮೇಡಂ. ನನ್ನ ಹೆಸರು ಹೇಳಿಬಿಡಿ."

"ಹೇಳೋದಿಲ್ಲ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು, ಆ ಸಿಟ್ಟು ಇದೆ. ಆದ್ರೆ ಹನ್ನೊಂದು ತಿಂಗಳಿಗೆ ಮುಂಚೆ ನಿಮ್ಮನ್ನ ಬೀದಿಗೆ ತಂದು ನನ್ನ ಕೆಲಸ ಉಳಿಸ್ಕೊಳ್ಳೋಕೆ ನನ್ನಿಂದ ಆಗಲ್ಲ."

"ಕೆಲಸ ಹೋದ್ರೆ ಎಣಿಕೆ?"

ಅವರು ತೊಳೆದ ಬಕೆಟ್ಟನ್ನೇ ಮತ್ತೆ ತೊಳೆದರು.

ಅಲ್ಲಿಂದ ನೇರ ಆಡಳಿತ ಕಟ್ಟಡಕ್ಕೆ ಹೋದೆ. ಉಪಕುಲಸಚಿವರು ಸಭ್ಯರು, ಕುರ್ಚಿ ಕೊಟ್ಟರು. ಕಂಪ್ಯೂಟರ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

"ಇಲ್ನೋಡಿ. ನಮೂದು ಮಾಡಿದವರು ಪ್ರಾಧ್ಯಾಪಕರು ಅಂತಿದೆ. ನಿಮ್ಮ ಹೆಸರು ಎಲ್ಲಿದೆ?"

"ನನಗೆ ಅದ್ರಲ್ಲಿ ಹೆಸರೇ ಕೊಟ್ಟಿಲ್ಲ ಸಾರ್. ಅವರ ಹೆಸರಲ್ಲೇ ಮಾಡಿ ಅಂದ್ರಿ."

"ಹಾಗಿದ್ರೆ ನೀವು ಮಾಡಿಲ್ಲ."

"ಮಾಡಿದೀನಿ ಸಾರ್. ಈ ಕೈಯಲ್ಲೇ."

"ಮಾಡೋಕೆ ನಿಮಗೆ ಅಧಿಕಾರ ಇಲ್ಲಮ್ಮಾ. ಅಧಿಕಾರ ಇಲ್ಲದೋರು ತಪ್ಪು ಮಾಡೋದು ಹೇಗೆ ಹೇಳಿ?"

ಎದ್ದು ಬಂದೆ. ಮನೆಯಲ್ಲಿ ಹೇಳಿದಾಗ ಯಜಮಾನರು ಹೊಲಿಗೆ ನಿಲ್ಲಿಸಿ ಕನ್ನಡಕ ತೆಗೆದರು. "ಮೂವತ್ತೊಂದು ವರ್ಷ ದುಡಿದ ಮೇಲೂ ಒಂದು ತಪ್ಪು ಮಾಡೋ ಅಧಿಕಾರ ಕೊಟ್ಟಿಲ್ವಾ ನಿನಗೆ?" ಎಂದು ಮನಸಾರೆ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನೋಡು, ಅಳತೆ ತಪ್ಪಿಸಿದ್ದು ನಾನೇ ಅಂತ ಗಿರಾಕಿ ಮುಂದೆ ಎಷ್ಟು ಸಲ ಒಪ್ಕೊಂಡಿಲ್ಲ ನಾನು? ಬಟ್ಟೆ ಹಾಳಾಯ್ತು ಅಷ್ಟೇ, ಅಂಗಡಿ ಮುಚ್ಚಿಲ್ಲ. ಬರಿ. ಎಲ್ಲರಿಗೂ ಕಾಣೋ ಹಾಗೆ ಬರಿ." ಹೀಗಾಗಿ ಇದು ಅವರ ಕತ್ತರಿಸುವ ಮೇಜಿನ ಮೇಲೆ, ಬಟ್ಟೆ ಚೂರುಗಳನ್ನು ಪಕ್ಕಕ್ಕೆ ಸರಿಸಿ ಬರೆದ ಪತ್ರ.

ಇನ್ನೊಂದು ವಿಷಯ ತಮಗೆ ಗೊತ್ತಿರಲಿಕ್ಕಿಲ್ಲ. ವಿಚಾರಣೆಗೆ ಕೊಠಡಿ ಬೇಕೆಂಬ ಕೋರಿಕೆ ಬಂದದ್ದು ನನ್ನ ಮೇಜಿಗೇ. ಕೊಠಡಿ ಹಂಚುವುದು ನನ್ನ ಕೆಲಸ ತಾನೇ? ಗುರುವಾರ, ಹನ್ನೊಂದೂವರೆ. ಎಂದಿನ ಅಭ್ಯಾಸದಂತೆ, ಇಳಿತದ ಹೊತ್ತು ಈಗಲೂ ಬರೆದಿಡುವ ಗೋಡೆಯ ಆ ಖಾಲಿ ಚೌಕ ನೋಡಿದೆ. ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ: ಗುರುವಾರ, ಪೂರ್ಣ ಇಳಿತ, ಹನ್ನೊಂದು ನಲವತ್ತು. ಮೇಡಂ ವಿಚಾರಣೆಗೆ ಬಂದರೆ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿ ಎಣಿಕೆ ತಪ್ಪುತ್ತದೆ. ಎಣಿಕೆಗೆ ಹೋದರೆ ವಿಚಾರಣೆಗೆ ಗೈರುಹಾಜರಿ, ಆರೋಪ ಸಾಬೀತು. "ಕೊಠಡಿ ಖಾಲಿಯಿಲ್ಲ" ಎಂದು ಒಂದು ಸಾಲು ಬರೆದಿದ್ದರೆ ದಿನ ಮುಂದೆ ಹೋಗುತ್ತಿತ್ತು. ಕೈ ಪೆನ್ಸಿಲ್ಲಿನವರೆಗೂ ಹೋಯಿತು. ಬರೆಯಲಿಲ್ಲ. ಒಂದು ಸುಳ್ಳು ಕೊಠಡಿ ಮಾಡಿರುವ ಅನಾಹುತವೇ ಸಾಕು. ಎರಡನೆಯ ಮಹಡಿಯ, ಗಾಳಿ ಬೆಳಕು ಚೆನ್ನಾಗಿರುವ ಕೊಠಡಿಯನ್ನೇ ತಮಗೆ ಕೊಟ್ಟಿದ್ದೇನೆ. ದಿನ ಬದಲಿಸಿ ಎಂದು ಮೇಡಂ ಎರಡು ಪತ್ರ ಬರೆದರು. "ಸಮುದ್ರದ ಕಾರಣವು ರಜೆಯ ನಿಯಮಗಳಲ್ಲಿ ಇರುವುದಿಲ್ಲ" ಎಂಬ ಉತ್ತರ ಬಂತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮೇಡಂ ಮೇಲಿನ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ, ಶಿಕ್ಷೆ ನನಗೆ ಕೊಡಿ. ಅದಕ್ಕಾಗಿ ನನಗೊಂದು ಅಧಿಕಾರ ಕೊಡಬೇಕಾದರೆ ಒಂದೇ ಒಂದು ದಿನದ ಮಟ್ಟಿಗೆ ಕೊಟ್ಟು ವಾಪಸ್ಸು ತೆಗೆದುಕೊಳ್ಳಿ. ಆಮೇಲೆ, ತಮ್ಮ ವ್ಯವಸ್ಥೆಯಲ್ಲಿ ಒಂದು ಖಾಲಿ ಚೌಕ ಬಿಡಿಸಿ. ಯಾವ ಅಂಕಣಕ್ಕೂ ಸೇರದ ಪಾಠಕ್ಕೆಂದು, ಅಳಿಸಿ ಬರೆಯಬಹುದಾದ ಒಂದು ಚೌಕ. ನಾಳೆ ಯಾರು ಏನನ್ನು ಹೇಗೆ ಕಲಿಸಬೇಕೆಂದು ನನಗೂ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸ್ವಲ್ಪ ಜಾಗ ಬಿಟ್ಟಿರುವ ಕಡೆಯನ್ನೇ ಅಲ್ಲವೇ ನಾವು ವಿಶ್ವವಿದ್ಯಾಲಯ ಅಂತ ಕರೆಯುತ್ತಿದ್ದದ್ದು? ಮತ್ತೆ, ಒಂದು ದಿನ ಬಿಡುವು ಮಾಡಿಕೊಂಡು ತಾವೂ ಒಂದು ಪಾಠದಲ್ಲಿ ಹೋಗಿ ಕೂತು ಬನ್ನಿ. ಹಿಂದಿನ ಬೆಂಚು, ಒಂದು ಗಂಟೆ. ಕೆಸರಿಗೇ ಬರುವುದಾದರೆ ಕಾಲಿನ ಅಳತೆ ತಿಳಿಸಿ, ಹತ್ತನೆಯ ಜೊತೆ ಬೂಟು ನಾನು ಹೊಂದಿಸುತ್ತೇನೆ.

ಇದ್ಯಾವುದೂ ಆಗಲಿಕ್ಕಿಲ್ಲವೆಂದು ನನಗೆ ಗೊತ್ತು. ಗುರುವಾರ ಬಂದೇ ಬರುತ್ತದೆ. ಮೇಡಂ ಎಲ್ಲಿರುತ್ತಾರೆಂದು ಅವರು ಬಾಯಿಬಿಟ್ಟು ಹೇಳಿಲ್ಲ, ಆದರೆ ನಿನ್ನೆ ಸಂಜೆ ಒಂಬತ್ತು ಜೊತೆ ಬೂಟುಗಳನ್ನು ತೊಳೆದು ಸಾಲಾಗಿ ಇಟ್ಟಿದ್ದನ್ನು ಕಂಡೆ. ಆದ್ದರಿಂದ ವಿಚಾರಣೆ ನಡೆಸುವವರಿಗೆ ಮೊದಲೇ ತಿಳಿಸಿಬಿಡುತ್ತೇನೆ: ಆರೋಪಿಯ ಕುರ್ಚಿ ಖಾಲಿ ಇರುವುದಿಲ್ಲ. ಕೂರುವುದು ನನಗೆ ಹಳೆಯ ಅಭ್ಯಾಸ. ನಾನು ಬಂದು ಕೂರುತ್ತೇನೆ, ಅಧಿಕಾರ ಇದೆಯೋ ಇಲ್ಲವೋ ಆಮೇಲೆ ನೋಡಿಕೊಳ್ಳಿ. ಹನ್ನೊಂದೂವರೆಗೆ ತಾವು ಮೇಡಂ ಅವರ ಹೆಸರು ಕೂಗಿಸುತ್ತೀರಿ. ಆಗ ನಾನು ಎದ್ದು ನಿಂತು, ಈ ಎರಡು ವರ್ಷಗಳಲ್ಲಿ ಅವರ ಬಗ್ಗೆ ದಾಖಲೆಗೆ ಸೇರಬೇಕಾಗಿದ್ದ ಒಂದೇ ಒಂದು ನಿಜವಾದ ನಮೂದನ್ನು ಬಾಯಿಮಾತಿನಲ್ಲಿ ಹೇಳುತ್ತೇನೆ: ಅವರು ಪಾಠ ಮಾಡ್ತಿದ್ದಾರೆ ಸಾರ್.

ಇಂತಿ,
ತಪ್ಪು ಮಾಡುವ ಅಧಿಕಾರವಿಲ್ಲದಿದ್ದರೂ ಮಾಡಿಬಿಟ್ಟ,
ತಮ್ಮ ವೇಳಾಪಟ್ಟಿ ವಿಭಾಗದ ಗಂಟೆಯಮ್ಮ